ಮೂರನೇ ನುಡಿಯ ಆಲಾಪ

"ಹಾರ ಅಲ್ಲೇ ಕೊಡ್ರಿ. ಒಳಗೆ ಬರಬ್ಯಾಡ್ರಿ," ಎಂದು ಮಹಾದೇವಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

ಹಿರಿಯೂರಿನಿಂದ ಎರಡು ಬಸ್ಸು ಬದಲಿಸಿ ಹೊಳಲ್ಕೆರೆಗೆ ಬಂದಿದ್ದ ಮುದುಕ ಮೆಟ್ಟಿಲ ಮೇಲೇ ನಿಂತ. ಒಳಗೆ ತೀರಿಕೊಂಡ ಪುಟ್ಟಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಮಗಳು ಪಲ್ಲವಿ ತಾಯಿಯ ತಲೆ ವಾಲದಂತೆ ಹಿಡಿದು ಕುಳಿತಿದ್ದಳು.

"ಯಾರತ್ತೆ ಅದು?" ಪಲ್ಲವಿ ಅಪ್ಪನ ತಂಗಿಯನ್ನು ಕೇಳಿದಳು.

"ಹಾರ್ಮೋನಿಯಂ ಓಬಯ್ಯ ಅಂತೆ. ನಿನಗೆ ಆರು ತಿಂಗಳಿದ್ದಾಗ ನಿಮ್ಮವ್ವ ಎಂಟು ದಿನ ಬೆಂಗಳೂರಿಗೆ ಯಾರ ಜತೆ ಹೋಗಿದ್ಲು ಅಂತ ಮೂವತ್ತಾರು ವರ್ಷದಿಂದ ನಾನು ಕೇಳ್ತಿದ್ನಲ್ಲ? ಉತ್ತರ ಹಾರ ಹಿಡ್ಕಂಡು ಬಂದೈತೆ ನೋಡು."

ಆ ಎಂಟು ದಿನಗಳ ಬಗ್ಗೆ ಪಲ್ಲವಿಯೂ ಕೇಳಿದ್ದಳು. ಕಣ್ಣಾಸ್ಪತ್ರೆಗೆ ಹೋಗಿದ್ದೆ ಎಂದಿದ್ದಳು ತಾಯಿ. ಆಸ್ಪತ್ರೆಯ ಚೀಟಿ ಮಾತ್ರ ಮನೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ವಿಚಿತ್ರವಿತ್ತು. ಈ ಸೀಮೆಯಲ್ಲಿ ಯಾರೇ ಸತ್ತರೂ ಮೈಕಿನಲ್ಲಿ ಬೆಂಗಳೂರಿನ ಗಾಯಕಿಯೊಬ್ಬಳ ಅದೇ ಹಳೇ ಭಜನೆ ಕ್ಯಾಸೆಟ್ಟು. ಈಗ ಪೆನ್‌ಡ್ರೈವ್‌ಗೆ ಇಳಿದಿದೆ, ಅಷ್ಟೆ. ಅದು ಶುರುವಾದರೆ ಸಾಕು, ಪುಟ್ಟಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದಳು. ಏನೋ ಮುಚ್ಚಿಟ್ಟವಳು ಎಂದು ಜನ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡಿದ್ದರು. ಮಗಳೂ ಅದೇ ಜನರಲ್ಲೊಬ್ಬಳು. ಮನಸ್ಸಲ್ಲಿ ಈ ಅನುಮಾನ ಇಟ್ಟುಕೊಂಡು ತಾಯಿಗೆ ಮಣ್ಣು ಕೊಡುವುದು ಹೇಗೆಂದು ಅವಳಿಗೆ ಬೆಳಗಿನಿಂದ ಸಂಕಟ.

ಹೊರಗೆ ಶಾಮಿಯಾನದವನು ಅದೇ ಭಜನೆ ಹಾಕಿದ. ಮೂರನೇ ನುಡಿಗೆ ಮೊದಲು ಹಾಡಿನ ಹಿಂದೆಲ್ಲೋ ಬೆಕ್ಕು ಕೂಗಿದ ಹಾಗೆ ಸಣ್ಣ ದನಿ, ಅದರ ಬೆನ್ನಿಗೇ ಗಾಯಕಿಯ ಮೆಲುವಾದ ಆಲಾಪ.

ಓಬಯ್ಯ ಅಲ್ಲಿಂದಲೇ ಹೇಳಿದ. "ಎಲ್ಲರೂ ಬೆಕ್ಕು ಅಂತಾರೆ. ಅದು ಬೆಕ್ಕಲ್ಲ ತಾಯಿ, ನೀನು."

*

ಕ್ಯಾಸೆಟ್ ಕಂಪನಿಯವರು ಪುಟ್ಟಕ್ಕನನ್ನು ಕರೆಸಿದ್ದು ಟ್ರ್ಯಾಕ್ ಹಾಡಲು. "ನೀವು ಹಾಡಿಟ್ಟು ಹೋಗಿ. ಆಮೇಲೆ ದೊಡ್ಡ ಗಾಯಕಿ ಬಂದು ಇದನ್ನ ಕೇಳ್ಕೊಂಡು ಹಾಡ್ತಾರೆ" ಎಂದರು. ಮೊಲೆ ಬಿಡದ ಕೂಸನ್ನು ಬಿಟ್ಟು ಬರುವಂತಿರಲಿಲ್ಲ. ಎಂಟನೇ ದಿನ, ಕೊನೇ ಹಾಡಿನ ಮಧ್ಯೆ, ಓಬಯ್ಯನ ಹಾರ್ಮೋನಿಯಂ ಪಕ್ಕ ಮಲಗಿದ್ದ ಕೂಸು ಎದ್ದು ಅತ್ತಿತು. ನಿಲ್ಲಿಸಿದರೆ ಮತ್ತೆ ಮೊದಲಿಂದ ಹಾಡಬೇಕು. ಪುಟ್ಟಕ್ಕ ಮೈಕಿನಿಂದ ಮುಖ ತಿರುಗಿಸದೆ, ಕಾಲು ಚಾಚಿ ಕೂಸನ್ನು ಮೆಲ್ಲಗೆ ತೂಗುತ್ತ, ಅದೇ ಶ್ರುತಿಯಲ್ಲಿ ಗುನುಗಿ ಸಮಾಧಾನ ಮಾಡಿ ಮೂರನೇ ನುಡಿ ಎತ್ತಿಕೊಂಡಳು.

ದೊಡ್ಡ ಗಾಯಕಿ ಹಾಡಲು ಬರಲೇ ಇಲ್ಲ. ಕಂಪನಿಯವರು ಪುಟ್ಟಕ್ಕನ ದನಿಯನ್ನೇ ಉಳಿಸಿಕೊಂಡು, ಕ್ಯಾಸೆಟ್ಟಿನ ಮೇಲೆ ಆ ಗಾಯಕಿಯ ಫೋಟೊ ಅಂಟಿಸಿದರು.

*

"ಸತ್ತೋಳು ಬಂದು ಅಲ್ಲ ಅಂತಾಳೇನು? ಬಾಯಿಗೆ ಬಂದದ್ದು ಹೇಳ್ರಿ!" ಮಹಾದೇವಮ್ಮ ಸಿಡುಕಿದಳು.

"ಬಸ್ ಹತ್ತಿಸಿದ್ದೇ ನಿಮ್ಮಣ್ಣ ಏಕಾಂತಪ್ಪನೋರು. ಕ್ಯಾಸೆಟ್ ಬರಾತನಕ ಯಾರಿಗೂ ಹೇಳಾದು ಬ್ಯಾಡ, ಬಂದ್ಮೇಲೆ ಎಲ್ಲರಿಗೂ ತೋರ್ಸಾಣ ಅಂದಿದ್ರು. ಬಂತು, ಬ್ಯಾರೇರ ಮುಖ ಹೊತ್ಕಂಡು. ಏನಂತ ತೋರ್ಸ್ತಾರ್ರೀ?"

"ಮೂರನೇ ನುಡಿಗೆ ಮುಂಚೆ ಬರೋದು ಆಲಾಪ. ಇಪ್ಪತ್ತು ವರ್ಷದಿಂದ ನಮ್ಮ ಭಜನಾ ಮಂಡಳಿ ಹೆಣ್ಮಕ್ಕಳಿಗೆ ನಾನೇ ಕಲಿಸೀನಿ." ಮಹಾದೇವಮ್ಮ ಬಿಡಲಿಲ್ಲ.

ಪಲ್ಲವಿ ಶಾಮಿಯಾನದವನಿಂದ ಹಾಡು ಹಿಂದಕ್ಕೆ ಹಾಕಿಸಿದಳು. ಕಣ್ಣು ಮುಚ್ಚಿ ಕೇಳಿದಳು. ಮನೆಯಲ್ಲಿ ಒಂದು ಪದವನ್ನೂ ಹಾಡದ ತಾಯಿ ಮೊಮ್ಮಗಳು ಅನುಷಾಳ ಬೆನ್ನು ತಟ್ಟುತ್ತ ಗುನುಗುತ್ತಿದ್ದದ್ದು ಇದೇ, ಇಷ್ಟೇ ಏರಿ ಇಷ್ಟೇ ಇಳಿಯುವುದು. ಮೂವತ್ತಾರು ವರ್ಷ ಕಿವಿ ಎಲ್ಲಿಟ್ಟಿದ್ದೆ ಎಂದು ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಎದ್ದು ಹೋಗಿ ಅತ್ತೆಯ ಕೈಯನ್ನು ಬಾಗಿಲಿಂದ ತೆಗೆದಳು.

"ಒಳಗೆ ಬರ್ರಿ. ಹಾರ ನೀವೇ ಹಾಕ್ರಿ."

ಮಹಾದೇವಮ್ಮ ತುಟಿ ಬಿಗಿದುಕೊಂಡು ಸರಿದು ನಿಂತಳು. ನಂಬಿದಳೆಂದು ಹೇಳುವಂತಿರಲಿಲ್ಲ.

ಸಂಜೆ ಪುಟ್ಟಕ್ಕನನ್ನು ಗುಣಿಯಲ್ಲಿ ಕೂರಿಸಿ ಪತ್ರೆ, ವಿಭೂತಿ ತುಂಬಿದರು. ಪಲ್ಲವಿ ಮೊದಲ ಹಿಡಿ ಮಣ್ಣು ಕೈಗೆತ್ತಿಕೊಂಡಳು. ಮಣ್ಣು ಬೀಳುವಾಗ ಭಜನೆ ನಿಲ್ಲಬಾರದು, ಹಾಡು ಎತ್ತಿಕೊಡಬೇಕಾದವಳು ಮಹಾದೇವಮ್ಮ. ತೊಡೆಯ ಮೇಲೆ ಗಟ್ಟಿಯಾಗಿ ತಾಳ ಹಾಕುತ್ತ ಅದೇ ಭಜನೆ ಶುರು ಮಾಡಿದಳು. ಒಂದು ನುಡಿ, ಎರಡು ನುಡಿ. ಆಮೇಲೆ, ತಾನೇ ಕಲಿಸಿದ ಆಲಾಪದ ಜಾಗದಲ್ಲಿ, ದನಿ ನಿಂತುಬಿಟ್ಟಿತು.

ಕಲಿಸಿದಂತೆ ಹಾಡುವ ಹೆಂಗಸರು ನಿಲ್ಲಲಿಲ್ಲ. ಇಪ್ಪತ್ತು ಗಂಟಲುಗಳು ಒಟ್ಟಿಗೆ ಮೆಲ್ಲಗೆ ಗುನುಗಿದವು. ಮಹಾದೇವಮ್ಮ ಗುಣಿಯ ಅಂಚಿಗೆ ಕುಸಿದು ಕೂತಳು. ತಾಳ ಹಾಕುತ್ತಿದ್ದ ಕೈ ಪಕ್ಕದ ಹಸಿ ಮಣ್ಣಿನ ಗುಡ್ಡೆಯ ಮೇಲೆ ಇಳಿದು, ಕೂಸಿನ ಬೆನ್ನು ತಟ್ಟಿದ ಹಾಗೆ ತಟ್ಟತೊಡಗಿತು.