ರುಸಾಂದಾಳ ಕಾಲಿನ ಬೂಟು

ಸತ್ತವರು ರಾತ್ರಿ ಹೊತ್ತು ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಯಾಂಕು ಕಂಡ ರುಸಾಂದಾ ಮಾತ್ರ ಬೆಳಿಗ್ಗೆ ಹತ್ತಕ್ಕೆ, ಅವನ ಒಲೆಯ ಮೇಲೆ ಕಾಫಿ ಉಕ್ಕುವ ಹೊತ್ತಿಗೆ ಸರಿಯಾಗಿ ಬಂದಿದ್ದಳಂತೆ.

"ರಾತ್ರಿ ಯಾಕೆ ಬರ್ತಾಳೋ? ಬದುಕಿದ್ದಾಗ ಕತ್ತಲಾದ್ಮೇಲೆ ಒಂದಿನಾನಾದ್ರೂ ಹೊಸ್ತಿಲು ದಾಟಿದ್ಲಾ ಅವ್ಳು?" ಎಂದು ಯಾಂಕು ತಿರುಗಿ ಕೇಳಿದ.

ಕೇಳಿದ್ದು ತ್ರಾಯ್ಲೊನನ್ನು. ರುಸಾಂದಾ ಅವನ ಹೆಂಡತಿ. ಅವಳನ್ನು ಮಣ್ಣು ಮಾಡಿ ನಲವತ್ತಮೂರು ದಿನವಾಗಿತ್ತು. ತಾಮ್ರದ ಗಣಿಯಲ್ಲಿ ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದ ತ್ರಾಯ್ಲೊ, ತಂತಿ ಎಳೆಯದೆ ಎಲ್ಲಿಯೂ ಬಲ್ಬು ಹತ್ತುವುದನ್ನು ನೋಡಿದವನಲ್ಲ. ಅವನ ವೇದಾಂತವೆಲ್ಲ ಅಷ್ಟೇ. ಯಾಂಕುವಾದರೋ ಜೇನು ಸಾಕುವವನು. ಒಂದನೇ ತರಗತಿಯಿಂದ ಇವನ ಗೆಳೆಯ. ಬಾವಿಯೊಳಗೆ ಸತ್ತ ತಾತ ನಗುವುದನ್ನು ನೋಡಿದ್ದ. ಬೀಚ್ ಎಂಬ ಬೆಟ್ಟದ ಮರಗಳ ನಡುವೆ ಕಾಡಿನ ಮಾಯಾವಿ ಹೆಂಗಸು ತಲೆ ಬಾಚಿಕೊಳ್ಳುವುದನ್ನು ನೋಡಿದ್ದ. ಸತ್ತು ಎರಡು ವರ್ಷವಾಗಿದ್ದ ಅಂಚೆಯವನು ಸೈಕಲ್ ತುಳಿದುಕೊಂಡು ಏರು ಹತ್ತುವುದನ್ನೂ ನೋಡಿ, "ಪಾಪ, ಇನ್ನೂ ಏದುಸಿರು ಬಿಡ್ತಾನೆ" ಎಂದು ಮರುಗಿದ್ದ. ಐವತ್ತು ವರ್ಷದಿಂದ ತ್ರಾಯ್ಲೊ ಇದಕ್ಕೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾನೆ. ಆಗ ನಗುವುದು ಸುಲಭವಿತ್ತು. ಅವರು ಯಾರೂ ಅವನವರಾಗಿರಲಿಲ್ಲ.

"ಏನಂತೆ ಅವ್ಳಿಗೆ?" ಎಂದು ಕೇಳಿದ, ಬೇಡ ಬೇಡ ಎಂದುಕೊಂಡೇ.

"ಬೂಟು ಕಚ್ತಿದ್ಯಂತೆ."

ಮಣ್ಣು ಮಾಡುವಾಗ ಅವಳಿಗೆ ತೊಡಿಸಲು ಆ ಕರಿ ಬೂಟನ್ನು ತ್ರಾಯ್ಲೊನೇ ಆರಿಸಿದ್ದ. ತಮ್ಮನ ಮಗಳ ಮದುವೆಯಲ್ಲಿ ಒಂದೇ ಒಂದು ಸಲ ಹಾಕಿ, ಎರಡು ಸುತ್ತು ಕುಣಿಯುವಷ್ಟರಲ್ಲಿ ಹಿಮ್ಮಡಿಗೆ ಬೊಬ್ಬೆ ಬಂದು, ರುಸಾಂದಾ ಅದನ್ನು ಬೀರುವಿನ ಮೇಲೆ ಎಸೆದಿದ್ದಳು. ಅವಳು ಸತ್ತ ದಿನ ಇವನಿಗೆ ತೋಚಿದ್ದು ಒಂದೇ: ಹೊಸದಾಗಿದೆ, ಹೊಳೆಯುತ್ತದೆ, ನಾಲ್ಕು ಜನ ನೋಡುತ್ತಾರೆ. ಶವಪೆಟ್ಟಿಗೆ ಮುಚ್ಚಿದ ಮೇಲೆ ಬೊಬ್ಬೆಯ ನೆನಪು ಬಂತು. ಅಂದಿನಿಂದ ಅದು ಅವನನ್ನು ಕೊರೆಯುತ್ತಲೇ ಇತ್ತು, ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಹೆಣದ ಕಾಲಲ್ಲಿದ್ದ ಬೂಟು ಇಡೀ ಊರೇ ನೋಡಿದೆ," ಎಂದು ಸಿಡುಕಿದ. "ಅದನ್ನ ನೋಡ್ಕೊಂಡು ಕಥೆ ಕಟ್ತಿದೀಯ."

"ನನ್ನ ಕಣ್ಣಾಣೆ ಕಣೋ! ಮನೆಯೊಳಗೆ ಹಾಕೋ ಉಣ್ಣೆ ಚಪ್ಪಲಿ ಕಳ್ಸು ಅಂದ್ಲು. ಆರು ವಾರ ಆಯ್ತು, ನೀನು ಅವಳ ಹೆಸರಲ್ಲಿ ತಿಥಿ ಊಟದ ಮೇಜು ಹಾಕ್ಲಿಲ್ಲ, ಒಂದು ರೊಟ್ಟಿ ಮುರೀಲಿಲ್ಲ. ಊರೋರು ಏನಂತಾರೆ ಅನ್ನೋದು ಬಿಡು, ಅವ್ಳು ಏನಂದ್ಕೊಂಡಾಳು?"

ಆ ಬೆಟ್ಟದ ಸೀಮೆಯ ವ್ಲಾಹ ಎಂಬ ಜನರಲ್ಲಿ ಸತ್ತವರಿಗೆ ಏನು ಬೇಕಿದ್ದರೂ ಕಳಿಸಬಹುದು. ಸತ್ತವರ ವಯಸ್ಸಿನವರೊಬ್ಬರನ್ನು ಕರೆದು, ಮೇಣದ ಬತ್ತಿ ಹಚ್ಚಿ, ವಸ್ತುವನ್ನು ಕೈಗಿಟ್ಟು, "ಇದು ಇಂಥವರ ಮುಂದೆ ಇರಲಿ" ಎಂದರೆ ಸಾಕು. ಯಾರ ಹೆಸರು ಹೇಳುತ್ತಾರೋ ಅವರಿಗೆ ಮುಟ್ಟಿತು. ಹಾಗೆ ಆ ಊರಿನಿಂದ ಆಚೆ ಲೋಕಕ್ಕೆ ಹಾಸಿಗೆ ಹೋಗಿದೆ, ಛತ್ರಿ ಹೋಗಿದೆ, ಒಂದು ರೇಡಿಯೊ ಕೂಡ ಹೋಗಿದೆ. ರೇಡಿಯೊ ಈಗಲೂ ಪಕ್ಕದ ಬೀದಿಯಲ್ಲಿ ಹಾಡುತ್ತದೆ, ಅದು ಬೇರೆ ಮಾತು.

ತ್ರಾಯ್ಲೊ ಎರಡು ದಿನ ಗೊಣಗಿದ. ಮೂರನೆಯ ದಿನ ಅವನ ತಲೆಗೊಂದು ಉಪಾಯ ಹೊಳೆದು, ಆರು ವಾರದಲ್ಲಿ ಮೊದಲ ಸಲ ಗಡ್ಡ ಹೆರೆದುಕೊಂಡ.

"ಯಾಂಕು, ಚಪ್ಪಲಿ ಕಳಿಸ್ತೀನಿ," ಎಂದ. "ಆದ್ರೆ ನಿನ್ನ ಮಾತು ಸುಳ್ಳು ಅಂತ ನನಗೆ ಗೊತ್ತಾದ ದಿನ, ನೀನು ಈ ಗೇಟು ದಾಟಿ ಒಳಗೆ ಬರಬಾರದು. ಐವತ್ತು ವರ್ಷದ್ದು ಅಲ್ಲಿಗೆ ಮುಗೀತು. ಒಪ್ಪಿಗೇನಾ?"

"ಒಪ್ಪಿಗೆ," ಎಂದ ಯಾಂಕು, ಒಂದು ಚೂರೂ ಯೋಚಿಸದೆ.

ಶನಿವಾರ ಬೇಲಿಯಾಚೆಯ ಪೆರ್ಸಿದಾ ಕೈ ತೊಳೆದುಕೊಂಡು ಬಂದಳು. ರುಸಾಂದಾಳದೇ ವಯಸ್ಸು, ಅದೇ ಅಳತೆಯ ಕಾಲು. ತ್ರಾಯ್ಲೊ ಬತ್ತಿ ಹಚ್ಚಿದ. ಕೆಂಪು ಅಂಚಿನ ಬೂದು ಚಪ್ಪಲಿಯನ್ನು ಅವಳ ಕೈಗಿಟ್ಟು, ಮೀಸೆಯೊಳಗೇ ಏನೋ ಗೊಣಗಿದ.

"ಜೋರಾಗಿ ಹೇಳಣ್ಣ, ನನಗೇ ಕೇಳಿಸ್ಲಿಲ್ಲ," ಎಂದಳು ಪೆರ್ಸಿದಾ.

"ನನಗೆ ನಾಚಿಕೆ. ಕೇಳಬೇಕಾದೋರಿಗೆ ಕೇಳಿಸಿರುತ್ತೆ, ಬಿಡು."

"ದೇವರು ಮುಟ್ಟಿಸ್ಲಿ," ಎಂದು ಅವಳು ಚಪ್ಪಲಿ ಹಾಕಿಕೊಂಡು, ಪದ್ಧತಿಯಂತೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದಳು.

ತ್ರಾಯ್ಲೊ ಗೊಣಗಿದ್ದು ರುಸಾಂದಾಳ ಹೆಸರನ್ನಲ್ಲ. ಹದಿನೆಂಟು ವರ್ಷದ ಹಿಂದೆ ತೀರಿಕೊಂಡ ಅತ್ತೆ ಯೆಲಾಳ ಹೆಸರನ್ನು. ಅಳಿಯನನ್ನು ಸಾಯುವವರೆಗೂ "ಆ ತಂತಿಯವನು" ಎಂದೇ ಕರೆದ ಮಹಾತಾಯಿ ಅವಳು. ಯಾಂಕು ನಿಜವಾಗಿ ರುಸಾಂದಾಳನ್ನು ಕಾಣುವವನಾದರೆ, ಚಪ್ಪಲಿ ಬರಲಿಲ್ಲ ಎಂದು ಅವಳು ದೂರಬೇಕು. ಬಂತು ಎಂದರೆ ಯಾಂಕು ಸಿಕ್ಕಿಬಿದ್ದ. ಗುಟ್ಟು ತನ್ನ ಮೀಸೆಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ಅಚ್ಚುಕಟ್ಟಾದ ಪರೀಕ್ಷೆ ಉಂಟೇ? ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಮರುದಿನ ಹನ್ನೊಂದಕ್ಕೆ ಯಾಂಕು ಗೇಟು ತಳ್ಳಿಕೊಂಡು ಓಡಿ ಬಂದ. ಜೇನಿನ ಕೆಲಸದ ಬಲೆಯ ಟೋಪಿ ಇನ್ನೂ ತಲೆಯ ಮೇಲೇ ಇತ್ತು.

"ಬಂದಿದ್ಲು ಕಣೋ! ಚಪ್ಪಲಿ ಹಾಕ್ಕೊಂಡೇ ಬಂದಿದ್ಲು! ಬೂದು ಬಣ್ಣ, ಕೆಂಪು ಅಂಚು. ಒಲೆ ಮುಂದೆ ಎರಡು ಹೆಜ್ಜೆ ಕುಣಿದು ತೋರಿಸಿದ್ಲು. ನೋವಿಲ್ಲ ಯಾಂಕು, ಒಂಚೂರೂ ನೋವಿಲ್ಲ ಅಂದ್ಲು!" ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂದಿತ್ತು.

ಸಿಕ್ಕಿಬಿದ್ದ. ತ್ರಾಯ್ಲೊ ರಾತ್ರಿಯೆಲ್ಲ ಸಿದ್ಧಮಾಡಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂತು. ಬೇಲಿಯಾಚೆ ಪೆರ್ಸಿದಾ ಬಟ್ಟೆ ಹರವುತ್ತ ಕಿವಿ ನಿಮಿರಿಸಿ ನಿಂತಿದ್ದಳು, ಸಾಕ್ಷಿಗೂ ಕೊರತೆಯಿರಲಿಲ್ಲ. ಬಾಯಿ ತೆರೆದರೆ ಆಯಿತು.

ಆದರೆ ಗೆದ್ದ ಖುಷಿ ಎಲ್ಲಿ? ಹುಡುಕಿದರೂ ಸಿಗಲಿಲ್ಲ. ಯಾಂಕುವಿನ ಮಾತು ಸುಳ್ಳಾದರೆ ಅವನ ಒಲೆಯ ಮುಂದೆ ಯಾರೂ ಕುಣಿಯಲಿಲ್ಲ. ರುಸಾಂದಾ ಎಲ್ಲಿಯೂ ಇಲ್ಲ. ಅಕಸ್ಮಾತ್ ಎಲ್ಲೋ ಇದ್ದಾಳೆ ಎಂದರೆ ಇನ್ನೂ ಘೋರ: ಈಗಲೂ ಆ ಬೂಟಿನಲ್ಲೇ ಕುಂಟುತ್ತಿದ್ದಾಳೆ, ಪಕ್ಕದಲ್ಲೇ ಅವಳ ತಾಯಿ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದಾಳೆ! ಮಾಡಿದ್ದು ಯಾರು? ಈ ಬುದ್ಧಿವಂತ.

ತ್ರಾಯ್ಲೊ ಎದ್ದವನೇ ಬೇಲಿ ದಾಟಿದ.

"ಪೆರ್ಸಿದಾ, ಚಪ್ಪಲಿ ಬಿಚ್ಚು."

"ಅಯ್ಯೋ, ಸತ್ತೋರ ಹೆಸರಲ್ಲಿ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ತಲೆ ನೆಟ್ಟಗಿದ್ಯಾ ನಿನಗೆ?"

"ವಾಪಸ್ ಅಲ್ಲಮ್ಮ, ಇನ್ನೊಂದ್ಸಲ ಕೊಡ್ತೀನಿ. ಬತ್ತಿ ತಗೊಂಡ್ಬಾ."

ಅವಳು ಶಿಲುಬೆಯ ಗುರುತು ಮಾಡಿಕೊಂಡು ಬತ್ತಿ ತಂದಳು. ತ್ರಾಯ್ಲೊ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಆಕಾಶದ ಕಡೆ ನೋಡಿದ.

"ಅತ್ತೇ, ತಪ್ಪಾಯ್ತು, ಅದನ್ನ ಬಿಚ್ಚಿ ಮಗಳಿಗೆ ಕೊಟ್ಬಿಡಿ. ನಿಮಗೆ ಬೇರೆ ಜೊತೆ ಕಳಿಸ್ತೀನಿ, ಗಲಾಟೆ ಮಾಡ್ಬೇಡಿ." ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದ: "ಇದು ರುಸಾಂದಾಳ ಮುಂದೆ ಇರಲಿ! ನನ್ನ ರುಸಾಂದಾಳ ಮುಂದೆ!"

ಹೆಸರು ಬಾಯಿಂದ ಬಿದ್ದದ್ದೇ ತಡ, ಅವನು ಅಲ್ಲೇ ಬಟ್ಟೆಯ ಬುಟ್ಟಿಯ ಪಕ್ಕ ಕುಕ್ಕರಿಸಿ ಅತ್ತ. ಮಗುವಿನ ಹಾಗೆ ಅತ್ತ. ಪೆರ್ಸಿದಾ "ದೇವರು ಮುಟ್ಟಿಸ್ಲಿ" ಎಂದು ಪಿಸುಗುಟ್ಟಿ, ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಸರಿದಳು.

ತ್ರಾಯ್ಲೊ ತನ್ನ ಅಂಗಳಕ್ಕೆ ತಿರುಗಿ ಬಂದಾಗ ಯಾಂಕು ಟೋಪಿಯನ್ನು ಕೈಯಲ್ಲಿ ಹಿಡಿದು ಗೇಟಿನ ಹೊರಗೆ ನಿಂತಿದ್ದ. ಎಲ್ಲವೂ ಕೇಳಿಸಿತ್ತು ಅವನಿಗೆ, ಎಲ್ಲವೂ ಅರ್ಥವಾಗಿತ್ತು.

"ಅಂದ್ರೆ ನಿನ್ನೆ ಅವಳ ಹೆಸರೇ ಹೇಳಿರ್ಲಿಲ್ಲ ನೀನು."

"ಇಲ್ಲ."

"ನಾನು ನೋಡಿದೆ ಕಣೋ," ಎಂದ ಯಾಂಕು ತಗ್ಗಿದ ದನಿಯಲ್ಲಿ. "ಹೇಗೆ ಅಂತ ಕೇಳ್ಬೇಡ, ನನಗೂ ಗೊತ್ತಿಲ್ಲ. ನೋಡಿದ್ದಂತೂ ನೋಡಿದೆ." ಟೋಪಿ ತಲೆಗಿಟ್ಟುಕೊಂಡು, "ಮಾತು ಮಾತೇ. ಹೊರಡ್ತೀನಿ," ಎಂದ.

ತ್ರಾಯ್ಲೊ ಹೋಗಿ ಗೇಟಿನ ಚಿಲಕ ತೆಗೆದ. ಗೆಳೆಯನ ತೋಳು ಹಿಡಿದು ಎಳೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದ. ತಾನೂ ಪಕ್ಕದಲ್ಲಿ ಕೂತು, ತೋಳಿನಿಂದ ಮೂಗು ಒರೆಸಿಕೊಂಡ.

"ಕುಣಿದ್ಲು ಅಂದ್ಯಲ್ಲ. ಆಮೇಲೆ ಏನಂದ್ಲು?"

"ನೀನು ನಂಬಲ್ವಲ್ಲೋ."

"ನಂಬಲ್ಲ," ಎಂದ ತ್ರಾಯ್ಲೊ. "ಹೇಳು."