ಬೀಗಿತ್ತಿಯರ ಮೂರು ದಿನ

ಮಕ್ಕಳ ಮದುವೆ ಮುರಿದರೆ ಮಕ್ಕಳಿಗೆ ವಕೀಲರು ಸಿಗುತ್ತಾರೆ, ಬೀಗಿತ್ತಿಯರಿಗೆ ಯಾರೂ ಸಿಗುವುದಿಲ್ಲ. ಮಂಚ ಯಾರಿಗೆ, ಮಿಕ್ಸಿ ಯಾರಿಗೆ, ಕಿಟಕಿ ಪರದೆ ಯಾರಿಗೆ ಎಂದು ಕೂತು ಬರೆದ ಆ ಮಹಾನುಭಾವರು, ಈ ಇಬ್ಬರು ಹೆಂಗಸರ ಸ್ನೇಹದ ಗತಿ ಏನು ಎಂದು ಒಂದು ಸಾಲು ಬರೆಯಬಾರದಿತ್ತೇ? ಬರೆಯಲಿಲ್ಲ. ಹಾಗಾಗಿ ಆ ವರ್ಷ ಎಲೆ ಉದುರುವ ಕಾಲ ಬಂದಾಗ ಗೋಂದಮ್ಮ ಒಂದು ಉದ್ದನೆಯ ಕಾಗದ ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಾ, ನಾಲ್ಕು ದಿನ ಮೀನಮೇಷ ಎಣಿಸಿದಳು.

ಗೋಂದಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೈಂಡ್ ಹಾಕುತ್ತಾಳೆ. ಬೆರಳ ಸಂದಿಯಲ್ಲಿ ಒಣಗಿದ ಗೋಂದು ಸದಾ ಇರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಯಾರೋ ತಮಾಷೆಗೆ ಕರೆದದ್ದು ಬೆರಳಿನ ಗೋಂದಿಗಿಂತ ಗಟ್ಟಿಯಾಗಿ ಅವಳಿಗೆ ಅಂಟಿಕೊಂಡಿತು.

ಅವಳ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಕಾರು ಕಲಿಸುವ ಶಾಲೆಯ ಟೀಚರು. ರಸ್ತೆಯಲ್ಲಿ ಬಿಳಿ ಕಾರೊಂದು ಕೆಮ್ಮುತ್ತಾ, ಜಿಗಿಯುತ್ತಾ ಬರುತ್ತಿದ್ದರೆ ಒಳಗಿನಿಂದ "ಕ್ಲಚ್! ಕ್ಲಚ್ಚು ರೀ!" ಎಂಬ ಕೂಗು ಮೂರು ಅಂಗಡಿ ಆಚೆಗೂ ಕೇಳುತ್ತದೆ. ಊರಿಗೆಲ್ಲ ಅವಳು ಕ್ಲಚ್ ಮೇಡಂ. ಒಬ್ಬಳು ದಿನವಿಡೀ ತುಟಿ ಬಿಚ್ಚದೆ ದಾರ ಎಳೆಯುವವಳು, ಇನ್ನೊಬ್ಬಳು ದಿನವಿಡೀ ಗಂಟಲು ಹರಿದುಕೊಳ್ಳುವವಳು. ಮಕ್ಕಳು ಮದುವೆಯಾಗದಿದ್ದರೆ ಇವರಿಬ್ಬರು ಈ ಜನ್ಮದಲ್ಲಿ ಒಂದು ಬೆಂಚಿನ ಮೇಲೆ ಕೂರುತ್ತಿರಲಿಲ್ಲ.

ಮದುವೆಯಾದ ವರ್ಷ ಇಬ್ಬರೂ ಸುಮ್ಮನೆ ಬಾಯಿಮಾತಿಗೆ "ಎಲ್ಲಾದರೂ ಹೋಗಿಬರೋಣ" ಅಂದುಕೊಂಡರು. ಗೋಂದಮ್ಮನಿಗೆ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಕ್ಲಚ್ ಮೇಡಂ ಗಂಡನೋ, ಬಸ್ಸು ಹತ್ತುವ ಮಾತೆತ್ತಿದರೇ ಹೊಟ್ಟೆ ಕೆಡಿಸಿಕೊಳ್ಳುವ ಆಸಾಮಿ. ಸರಿ, ಹೊರಟರು. ಆ ಮೊದಲ ಸಲವೇ ರೈಲಿನಲ್ಲಿ ಮಗನ ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಂಬ ಮಾತು ಬಂದು, ಮಾತಿಗೆ ಮಾತು ಬೆಳೆದು, ಇಳಿಯುವಷ್ಟರಲ್ಲಿ ಇಬ್ಬರ ಮುಖವೂ ಊದಿಕೊಂಡಿತ್ತು. ಅಂದೇ ನಿಯಮವಾಯಿತು: ಪ್ರವಾಸದಲ್ಲಿ ಮಕ್ಕಳ ಸುದ್ದಿ ಎತ್ತಕೂಡದು. ಇನ್ನೊಂದು ನಿಯಮವೂ ಹುಟ್ಟಿತು. ಗೋಂದಮ್ಮನಿಗೆ ಹಳೇ ಮನೆ, ಮ್ಯೂಸಿಯಂ, ಕುಂಬಾರರ ಬೀದಿ ಬೇಕು. ಕ್ಲಚ್ ಮೇಡಮ್ಮಿಗೆ ರಸ್ತೆ ಅಂದರೆ ಸಾಕುಸಾಕು, ಕಾಡು ಬೇಕು, ನೀರು ಬೇಕು. ಹಾಗಾಗಿ ಒಂದು ದಿನ ಇವಳದು, ಒಂದು ದಿನ ಅವಳದು, ಮೂರನೆಯ ದಿನ ಯಾರದೂ ಅಲ್ಲ: ಎಲ್ಲಾದರೂ ಒಂದು ಬೆಂಚು ನೋಡಿಕೊಂಡು ಸುಮ್ಮನೆ ಕೂರುವುದು.

ಪ್ರತಿ ವರ್ಷ ಗೋಂದಮ್ಮ ಬೈಂಡಿಂಗಿನಲ್ಲಿ ಉಳಿದ ಒಂದು ಉದ್ದ ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆಯುತ್ತಾಳೆ. ಎಡಕ್ಕೆ ತನ್ನ ಯೋಜನೆ, ಬಲಕ್ಕೆ ಬೀಗಿತ್ತಿಯ ತಕರಾರು. ಪಟ್ಟಿ ಎರಡು ಮೂರು ಸಲ ಅತ್ತಿತ್ತ ಓಡಾಡಿ, ತಕರಾರೆಲ್ಲ ಮುಗಿದ ಮೇಲೆ ಟಿಕೆಟ್ಟು. ನಿಜ ಹೇಳಬೇಕೆಂದರೆ, ಹೋಗಿಬಂದದ್ದಕ್ಕಿಂತ ಆ ಪಟ್ಟಿ ಓಡಾಡಿದ ದಿನಗಳೇ ಅವಳಿಗೆ ಹೆಚ್ಚು ಇಷ್ಟ.

ಈ ವರ್ಷದ ಊರನ್ನೂ ಅವಳು ಹುಡುಕಿಟ್ಟಿದ್ದಳು. ಮೂರು ಗಂಟೆಯ ರೈಲು. ನೇಯ್ಗೆಯ ಮ್ಯೂಸಿಯಂ ಇದೆ, ಅಲ್ಲಿ ಹಳೆಯ ಮಗ್ಗಗಳನ್ನು ಇಂದಿಗೂ ನಡೆಸಿ ತೋರಿಸುತ್ತಾರಂತೆ. ಸಿಟಿ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಕಾಡು. ಇಬ್ಬರಿಗೂ ಹೇಳಿ ಮಾಡಿಸಿದ ಊರು.

ಆದರೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಬೇಸಗೆಯಲ್ಲಿ ಮಕ್ಕಳ ಕಾಗದಪತ್ರಗಳಿಗೆ ಸಹಿ ಬಿದ್ದಿತ್ತು. ಆಮೇಲೆ ಬೀಗಿತ್ತಿಯರು ಫೋನಿನಲ್ಲಿ ಮಾತಾಡಿದ್ದು ಎರಡೇ ಸಲ, ಅದೂ ಯಾರ ಮನೆಯ ಪಾತ್ರೆ ಯಾರಲ್ಲಿ ಉಳಿದಿದೆ ಎಂಬ ವಿಷಯಕ್ಕೆ. ಅದೂ ಹೋಗಲಿ. ಗೋಂದಮ್ಮನ ಹೊಟ್ಟೆಯಲ್ಲಿ ಅದಕ್ಕಿಂತ ದೊಡ್ಡದೊಂದು ಕೂತಿತ್ತು. ಹೋದ ವರ್ಷದ ಪ್ರವಾಸಕ್ಕೆ ಹೊರಡುವ ಹತ್ತು ದಿನ ಮುಂಚೆ ಮಗ ಬಂದು, "ಅಮ್ಮ, ನಾನು ಆ ಮನೇಲಿ ಇರಲ್ಲ. ಇನ್ನೂ ಯಾರಿಗೂ ಹೇಳಬೇಡ" ಅಂದಿದ್ದ. ಅವಳು ಹೇಳಲಿಲ್ಲ. ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡೇ ಬೀಗಿತ್ತಿಯ ಜೊತೆ ಮೂರು ದಿನ ಸುತ್ತಿದಳು, ನಕ್ಕಳು, ತಿಂದಳು, ಕೆರೆ ದಂಡೆಯ ಬೆಂಚಿನಲ್ಲಿ ಕೂತಳು. ಸಂತೆಯಲ್ಲಿ ಬೀಗಿತ್ತಿ ಮಗಳು-ಅಳಿಯನಿಗೆಂದು ದೊಡ್ಡದೊಂದು ಉಣ್ಣೆಯ ಹೊದಿಕೆ ಕೊಂಡಾಗ ಪಕ್ಕದಲ್ಲಿ ನಿಂತು ಬಣ್ಣವನ್ನೂ ಆರಿಸಿಕೊಟ್ಟಳು.

ಇದನ್ನು ಹೇಳದೆ ಪಟ್ಟಿ ಕಳಿಸಿದರೆ ಮೋಸ. ಹೇಳಿ ಕಳಿಸಿದರೆ ಪಟ್ಟಿ ವಾಪಸು ಬರುವುದೇ ಅನುಮಾನ. ಐವತ್ತೇಳನೆಯ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರುವುದು?

ಭಾನುವಾರ ಊಟಕ್ಕೆ ಬಂದ ಮಗ ಮೇಜಿನ ಮೇಲಿದ್ದ ಕಾಗದ ನೋಡಿ ಹುಬ್ಬು ಗಂಟಿಕ್ಕಿದ.

"ಇನ್ನೂ ಅವರ ಜೊತೆ ಹೋಗ್ತೀಯಾ?"

"ನೀನು ಬಿಟ್ಟಿದ್ದು ನಿನ್ನ ಹೆಂಡತೀನ. ನನ್ನ ಬೀಗಿತ್ತೀನ ಬಿಡಿಸೋಕೆ ನೀನ್ಯಾರೋ?"

ಮಗ ತಟ್ಟೆಗೆ ಮುಖ ಹಾಕಿದ. ಪಾಪ, ಅವನದೂ ಸುಲಭದ ವರ್ಷವೇನಾಗಿರಲಿಲ್ಲ. ಹಾಗೆ ಖಾರವಾಗಿ ಅಂದದ್ದಕ್ಕೆ ಅವಳಿಗೇ ಬೇಜಾರಾಗಿ ಇನ್ನೊಂದು ಸೌಟು ಅನ್ನ ಬಡಿಸಿದಳು. ಆದರೆ ಆ ಮಾತು ತನ್ನ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು. ಅಂದು ಸಂಜೆ ಪಟ್ಟಿ ಬರೆದು ಮುಗಿಸಿದಳು. ಮರುದಿನ ಫೋನು ಮಾಡಿ, "ಪಟ್ಟಿ ತಯಾರಿದೆ, ಗ್ರಂಥಾಲಯದ ಕಡೆ ಬಂದಾಗ ಒಳಗೆ ಬನ್ನಿ" ಅಂದಳು.

ಕ್ಲಚ್ ಮೇಡಂ ಮಂಗಳವಾರವೇ ಬಂದಳು. ಕಾರನ್ನು ಗ್ರಂಥಾಲಯದ ಗೇಟಿಗೆ ನಿಲ್ಲಿಸಿ, ಸ್ಟೀರಿಂಗ್ ಹಿಡಿದು ಬೆವರುತ್ತಿದ್ದ, ಕಾರು ಕಲಿಯಲು ಬಂದ ನಡುವಯಸ್ಸಿನ ಗುಮಾಸ್ತರಿಗೆ "ಐದು ನಿಮಿಷ, ಏನೂ ಮುಟ್ಟಬೇಡಿ" ಎಂದು ಹೇಳಿ, ಬೈಂಡಿಂಗ್ ಕೋಣೆಗೆ ನುಗ್ಗಿದಳು. ಸ್ಟೂಲಿನ ಮೇಲಿದ್ದ ರಟ್ಟುಗಳನ್ನು ಸರಿಸಿ ಕೂತು, ಪಟ್ಟಿ ಕಿತ್ತುಕೊಂಡು ಕನ್ನಡಕ ಏರಿಸಿದಳು.

"ಅಬ್ಬಾ ಬೀಗಿತ್ತೀ! ಬಸ್ಸಿನ ಕೊನೇ ಸ್ಟಾಪಲ್ಲೇ ಕಾಡಾ? ಎಲ್ಲಿಂದ ಹುಡುಕಿದ್ರಿ ಇದನ್ನ? ನಾನು ನೀವು ಈ ವರ್ಷ ಬರೆಯೋದೇ ಇಲ್ಲ ಅಂದ್ಕೊಂಡಿದ್ದೆ. ನಮ್ಮ ಯಜಮಾನರ ಹತ್ರ ಮೂರು ಸಲ ಹೇಳ್ಕೊಂಡು ಕೊರಗಿದೀನಿ, ಗೊತ್ತಾ?"

ಅವಳ ಮುಖ ಅರಳಿದ್ದನ್ನು ಗೋಂದಮ್ಮ ನೋಡಿದಳು. ಹೊಲಿಯುತ್ತಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟಳು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದಳು. ಇನ್ನು ಚುಚ್ಚಲು, ಇಡಲು ಏನೂ ಉಳಿಯಲಿಲ್ಲ.

"ಒಂದು ಮಾತಿದೆ. ಕೇಳಿದ ಮೇಲೆ ಪಟ್ಟಿ ಓದಿ. ಹೋದ ವರ್ಷ ನಾವು ಹೋದಾಗ, ಅವನು ಮನೆ ಬಿಡ್ತಾನೆ ಅಂತ ನನಗೆ ಗೊತ್ತಿತ್ತು. ಹತ್ತು ದಿನ ಮುಂಚೇನೇ ಹೇಳಿದ್ದ."

ಕ್ಲಚ್ ಮೇಡಂ ಕನ್ನಡಕ ತೆಗೆದಳು.

"ಕೆರೆ ಹತ್ರ ಕೂತಿದ್ದಾಗಲೂ ಗೊತ್ತಿತ್ತಾ?"

"ಹೂಂ."

"ಹೊದಿಕೆ ತಗೊಳ್ಳುವಾಗ?"

"ಹೂಂ."

"ನೀಲಿ ಬೇಡ, ಇಟ್ಟಿಗೆ ಬಣ್ಣ ತಗೊಳ್ಳಿ, ಕೊಳೆ ಕಾಣಲ್ಲ ಅಂದ್ರಿ. ಗೊತ್ತಿಟ್ಕೊಂಡೇ ಅಂದ್ರಾ?"

ಗೋಂದಮ್ಮ ತಲೆ ತಗ್ಗಿಸಿದಳು. "ಮಕ್ಕಳ ವಿಷಯ ಎತ್ತಬಾರದು ಅಂತ ನಿಯಮ ಇತ್ತಲ್ಲ..." ಎಂದು ಶುರು ಮಾಡಿ, ಆ ಮಾತು ತನಗೇ ಅಸಹ್ಯವೆನಿಸಿ ನಿಲ್ಲಿಸಿದಳು. "ಇಲ್ಲ. ನಿಯಮದ ಮಾತು ನೆಪ. ಹೇಳಿದ್ರೆ ಆ ಮೂರು ದಿನ ಹಾಳಾಗುತ್ತೆ, ಆಮೇಲೆ ನೀವು ನನ್ನ ಜೊತೆ ಯಾವತ್ತೂ ಬರಲ್ಲ ಅನ್ನಿಸ್ತು. ಅದೇ ಕೊನೇದು ಅಂದ್ಕೊಂಡಿದ್ದೆ. ನನಗೆ ಅದು ಬೇಕಾಗಿತ್ತು. ಅಷ್ಟೇ."

"ನನ್ನ ಮಗಳು ನನ್ನ ಮುಂದೆ ಅತ್ತಿದ್ದು ಅದಾಗಿ ಒಂದು ತಿಂಗಳಿಗೆ," ಎಂದಳು ಕ್ಲಚ್ ಮೇಡಂ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವಳದೇ ಎಂದು ನಂಬುವುದು ಕಷ್ಟ. "ಆ ಒಂದು ತಿಂಗಳು ನಾನು ಕಂಡಕಂಡವರಿಗೆಲ್ಲ ಹೊದಿಕೆ ಕಥೆ ಹೇಳ್ಕೊಂಡು ತಿರುಗಿದೆ. ಅವಳು ಒಳಗೇ ಬೇಯ್ತಾ ಇದ್ಲು. ನೀವು ಒಂದು ಮಾತು ಅಂದಿದ್ರೆ ನಾನು ಅವತ್ತೇ ಅವಳ ಹತ್ರ ಹೋಗ್ತಿದ್ದೆ."

ತಾನು ಗೆಳತಿಗೆ ಮಾಡಿದ ತಪ್ಪನ್ನು ಅವಳು ವರ್ಷವಿಡೀ ಅಳೆದು ತೂಗಿದ್ದಳು. ಆ ಹುಡುಗಿ ಒಂದು ತಿಂಗಳು ಒಬ್ಬಳೇ ಇದ್ದದ್ದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಕ್ಲಚ್ ಮೇಡಂ ಎದ್ದಳು. ಪಟ್ಟಿಯನ್ನು ಹರಿಯಲಿಲ್ಲ, ಇಟ್ಟೂ ಹೋಗಲಿಲ್ಲ, ಮಡಚಿ ಕೈಚೀಲಕ್ಕೆ ತುರುಕಿಕೊಂಡು ಹೊರಟಳು. ಹೊರಗೆ ಕಾರು ಗಕ್ಕೆಂದು ನಿಂತು, ಜಿಗಿದು, ಮತ್ತೆ ನಿಂತು, ಹಾಗೇ ಕುಪ್ಪಳಿಸುತ್ತಾ ರಸ್ತೆಯ ತುದಿಯವರೆಗೂ ಹೋಯಿತು. ಒಂದು ಸಲವೂ ಕೂಗು ಕೇಳಲಿಲ್ಲ.

ಒಂಬತ್ತು ದಿನ ಏನೂ ಬರಲಿಲ್ಲ. ಗೋಂದಮ್ಮ ಕೆಲಸಕ್ಕೆ ಹೋದಳು, ಬಂದಳು. ಒಂದು ನಿಘಂಟಿಗೆ ಇಡೀ ಹದಿನಾರು ಪುಟ ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಇಪ್ಪತ್ತಾರು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ನಡುವೆ ಒಂದು ದಿನ ಮನಸ್ಸು ಗಟ್ಟಿ ಮಾಡಿ ಆ ಹುಡುಗಿಗೆ, ಸೊಸೆಯಾಗಿದ್ದವಳಿಗೆ, ಫೋನು ಮಾಡಿದಳು. "ನಾನು ನಿಮ್ಮಮ್ಮನಿಗೆ ಹೇಳಬೇಕಿತ್ತಮ್ಮ, ಹೇಳಲಿಲ್ಲ, ತಪ್ಪಾಯ್ತು" ಅಂದಳು. ಆಚೆಯಿಂದ "ಊಟ ಆಯ್ತಾ ಅತ್ತೆ?" ಅಂತಷ್ಟೇ ಬಂತು. ಗೋಂದಮ್ಮ ಫೋನಿಟ್ಟು ಚೆನ್ನಾಗಿ ಅತ್ತಳು.

ಹತ್ತನೆಯ ದಿನ ಬೆಳಿಗ್ಗೆ ಮುಂದಿನ ಕೌಂಟರಿನವರು ಒಂದು ಲಕೋಟೆ ತಂದುಕೊಟ್ಟರು. "ಯಾರೋ ಮೇಡಂ ಕಾರು ನಿಲ್ಲಿಸದೇನೇ ಕಿಟಕಿಯಿಂದ ಕೊಟ್ಟು ಹೋದ್ರು" ಅಂದರು. ಒಳಗೆ ಪಟ್ಟಿ. ಎಡಭಾಗ ಇವಳದು. ಬಲಭಾಗದಲ್ಲಿ, ಒತ್ತಿ ಬರೆದು ಕಾಗದವೇ ತೂತಾಗುವಂಥ ಅಕ್ಷರದಲ್ಲಿ, ತಕರಾರು.

"ರೂಮು ಒಂದಲ್ಲ, ಎರಡು. ಬೇರೆ ಬೇರೆ ಮಹಡಿಯಲ್ಲಿ ಸಿಕ್ಕರೆ ಒಳ್ಳೆಯದು."

"ಶುಕ್ರವಾರ, ನೇಯ್ಗೆ ಮ್ಯೂಸಿಯಂ: ಒಪ್ಪಿಗೆ. ಮ್ಯೂಸಿಯಂನಲ್ಲಿ ಮಾತಾಡಬಾರದು ಎಂದು ಬೋರ್ಡು ಹಾಕಿರುತ್ತಾರೆ. ಅನುಕೂಲವೇ ಆಯಿತು, ನನಗೆ ನಿಮ್ಮ ಜೊತೆ ಮಾತಾಡುವ ಮನಸ್ಸಿಲ್ಲ."

"ಶನಿವಾರ, ಕಾಡು, ಬೆಳಿಗ್ಗೆ ಎಂಟರಿಂದ ಹತ್ತು: ಅಷ್ಟು ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ. ನಿಮ್ಮನ್ನು ಬಾಯ್ತುಂಬ ಬೈಯುವುದಿದೆ. ನಡುವೆ ಬಾಯಿ ಹಾಕಕೂಡದು. ಮಕ್ಕಳ ಸುದ್ದಿ ಎತ್ತಬಾರದೆಂಬ ನಿಯಮ ರದ್ದಾಗಿದೆ."

ಭಾನುವಾರದ ಮುಂದೆ ಏನೂ ಬರೆದಿರಲಿಲ್ಲ. ಹೊಡೆದೂ ಹಾಕಿರಲಿಲ್ಲ.

ಗೋಂದಮ್ಮ ಅದನ್ನು ಮೂರು ಸಲ ಓದಿದಳು. ಮೊದಲ ಸಲ ಎದೆ ಧಸಕ್ಕೆಂದಿತು, ಎರಡನೆಯ ಸಲ ನಗು ಬಂತು, ಮೂರನೆಯ ಸಲಕ್ಕೆ ಅಕ್ಷರ ಸರಿಯಾಗಿ ಕಾಣಲಿಲ್ಲ. ಸಿಟ್ಟು ಕಡಿಮೆಯಾಗಿರಲಿಲ್ಲ, ಅದು ಕಾಗದದಲ್ಲೇ ಕಾಣುತ್ತಿತ್ತು. ಆದರೆ ಬಿಟ್ಟುಹೋಗುವವರು ಯಾರಾದರೂ ಬೈಯುವುದಕ್ಕೆ ಇಂತಿಷ್ಟು ಗಂಟೆ ಅಂತ ಗೊತ್ತುಮಾಡುತ್ತಾರೆಯೇ? ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನು ತೆಗೆದಳು.

"ಏನು?" ಅಂದಳು ಕ್ಲಚ್ ಮೇಡಂ. ದನಿ ಕಬ್ಬಿಣದಂತಿತ್ತು.

"ಪಟ್ಟಿ ಬಂತು. ಕಾಡಿಗೆ ಎರಡೇ ಗಂಟೆ ಬರೆದಿದೀರಿ. ಸಾಕಾಗುತ್ತಾ?"

ಆ ಕಡೆ ಕಾರಿನ ಎಂಜಿನ್ನು ಗುರುಗುಟ್ಟುವುದು ಮಾತ್ರ ಕೇಳುತ್ತಿತ್ತು.

"ಸಾಲಲ್ಲ," ಅಂದಳು ಕೊನೆಗೆ. "ಮಧ್ಯಾಹ್ನದ ಊಟ ಕಟ್ಕೊಂಡು ಬನ್ನಿ. ಇಬ್ಬರಿಗೂ."