ಫ್ಯಾನಕ್ಕ ಅತ್ತ ವಿಡಿಯೋ

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ಎತ್ತುತ್ತಿದ್ದ ಅವಳನ್ನು ಎಲ್ಲರೂ ಫ್ಯಾನಕ್ಕ ಅಂತಲೇ ಕರೆಯುತ್ತಿದ್ದರು. ವಯಸ್ಸು ನಲವತ್ತೊಂದು. ಒಬ್ಬ ಗಾಯಕನ ಹುಚ್ಚು ಹತ್ತಿ ಇಪ್ಪತ್ತಮೂರು ವರ್ಷವಾಗಿತ್ತು. ಅವನ ಮುಖ ಅಚ್ಚಾಗಿದ್ದ ಚೀಲದಲ್ಲೇ ಊಟದ ಡಬ್ಬಿ ತರುತ್ತಿದ್ದಳು, ರಜೆ ಹಾಕಿ ಅವನ ಕಾರ್ಯಕ್ರಮಗಳಿಗೆ ಹೋಗುತ್ತಿದ್ದಳು, ಯಾರಿಂದಲೂ ಏನನ್ನೂ ಮುಚ್ಚಿಡುತ್ತಿರಲಿಲ್ಲ.

"ಹೊತ್ತಿಗೆ ಸರಿಯಾಗಿ ಮದುವೆ ಆಗಿದ್ರೆ ಈ ರೋಗ ಅಂಟ್ತಿರಲಿಲ್ಲ" ಎಂದು ಪಕ್ಕದ ಮೇಜಿನವನು ಅವಳಿಗೆ ಕೇಳಿಸಲೆಂದೇ ಹೇಳುತ್ತಿದ್ದ. ಮುಖಕ್ಕಿಂತ ಮೀಸೆಯೇ ದೊಡ್ಡದಿದ್ದ ಅವನಿಗೆ ಮೀಸೆ ಎಂದೇ ಹೆಸರು. ಸೂಪರ್‌ವೈಸರ್ ಮೇಡಂ ನಗುತ್ತಿದ್ದರು. ಮನೆಯಲ್ಲಿ ತಂಗಿಯದೂ ಅದೇ ರಾಗ: "ಅಕ್ಕಾ, ನೋಡಿದೋರು ಏನಂತಾರೆ?"

"ಅನ್ಲಿ ಬಿಡೇ, ಅವರ ಬಾಯಿಗೂ ಕೆಲಸ ಬೇಕಲ್ಲ."

ಒಂದು ಮಂಗಳವಾರ ಮಧ್ಯಾಹ್ನ ಗಾಯಕ ಸತ್ತ. ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಫ್ಯಾನಕ್ಕ ಮಾತ್ರ ಕರೆಯಲ್ಲಿದ್ದಳು. ಆ ಕಡೆ ಒಬ್ಬ ಹೆಂಗಸಿನ ಅಪ್ಪ ಕುಸಿದು ಬಿದ್ದಿದ್ದ, ಉಸಿರಿರಲಿಲ್ಲ. ಅವನ ಎದೆ ಒತ್ತಲು ಫ್ಯಾನಕ್ಕ ಲೆಕ್ಕ ಹೇಳಿಕೊಡುತ್ತಿದ್ದಳು.

"ಯಾರೂ ಹೇಳಬೇಡಿ, ನಾನು ಹೇಳ್ತೀನಿ" ಎಂದು ಮೀಸೆ ಎದ್ದು ಬಂದ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೋ ತೆಗೆಯುತ್ತಾ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಅವಳ ಮುಖದ ಮುಂದೆ ಚಾಚಿದ. ದಪ್ಪ ಅಕ್ಷರದಲ್ಲಿ ಬರೆದಿತ್ತು: ನಿನ್ನ ಹೀರೋ ಸತ್ತ.

ಅವಳು ಓದಿದಳು. ಕಣ್ಣು ತುಂಬಿತು. "ಇಪ್ಪತ್ತೊಂದು, ಇಪ್ಪತ್ತೆರಡು... ನಿಲ್ಲಿಸಬೇಡಮ್ಮಾ, ಇನ್ನೂ ಜೋರಾಗಿ ಒತ್ತು" ಎನ್ನುತ್ತಲೇ ಇದ್ದಳು. ಆಂಬುಲೆನ್ಸ್ ಆ ಮನೆ ಬಾಗಿಲಿಗೆ ಬರುವವರೆಗೂ, ಒಂಬತ್ತು ನಿಮಿಷ, ಹಾಗೇ ಎಣಿಸಿದಳು. ಆಮೇಲೆ ಹೊಸ ಕರೆ ಬಾರದಂತೆ ವಿರಾಮದ ಗುಂಡಿ ಒತ್ತಿ, ಮೇಜಿನ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತಳು.

"ಕಟ್ಟಿಕೊಂಡ ಗಂಡ ಸತ್ರೂ ಹಿಂಗೆ ಅಳಲ್ವಲ್ರೋ!" ಎಂದ ಮೀಸೆ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಎಣಿಕೆಯ ಭಾಗ ಕತ್ತರಿಸಿ, ಅಳುವುದನ್ನಷ್ಟೇ ಅವನು ಊರಿಗೆಲ್ಲ ಹರಿಬಿಟ್ಟ. ಸಂಜೆ ತಂಗಿಯ ಮೊಬೈಲಿಗೂ ಅದು ಬಂದಿತ್ತು.

ಮರುದಿನ ಮೇಡಂ ಕರೆದರು. "ನಿನ್ನ ಮನಸ್ಸು ಗಟ್ಟಿ ಇಲ್ಲ. ಇವತ್ತಿಂದ ರೆಕಾರ್ಡ್ ರೂಮಿಗೆ ಹೋಗು."

"ಆ ಅಪ್ಪ ಬದುಕಿದಾರೆ ಮೇಡಂ. ಕರೆ ರೆಕಾರ್ಡ್ ಆಗಿದೆ, ಕೇಳಿ. ಎಲ್ಲಾದ್ರೂ ತಪ್ಪಿದೀನಾ?"

"ವಿಡಿಯೋ ನೋಡಿದೀವಲ್ಲ, ಸಾಕು."

ಮೂರು ದಿನ ಅವಳು ಆ ವಿಡಿಯೋ ತೆರೆಯಲಿಲ್ಲ. ನಾಲ್ಕನೆಯ ದಿನ, ಧೂಳು ಹಿಡಿದ ಕಡತಗಳ ನಡುವೆ ಕೂತು ತೆರೆದಳು. ಗಾಯಕನ ಕಾರ್ಯಕ್ರಮಗಳನ್ನು ನೋಡುವ ಹಾಗೇ ನೋಡಿದಳು. ಮೊದಲು ಮುಖ, ಮುಂದಿನ ಸಲ ಕೈ, ಆಮೇಲೆ ಹಿಂದಿನವರು, ಕೊನೆಗೆ ಮೂಲೆಗಳು. ಒಂದೇ ಹಾಡನ್ನು ನೂರು ಸಲ ನೋಡಿ ಪಳಗಿದ ಕಣ್ಣು ಅದು. ಹನ್ನೊಂದನೆಯ ಸಲ ಕಂಡಿತು: ಮೀಸೆಯ ಖಾಲಿ ಕುರ್ಚಿ, ಅವನ ಮೇಜಿನ ಮೇಲೆ ಮಿನುಗುತ್ತಿದ್ದ ಕೆಂಪು ದೀಪ. ಕರೆ ಬರುತ್ತಿತ್ತು. ಅವನು ವಿರಾಮದ ಗುಂಡಿ ಒತ್ತದೆ ಎದ್ದು ಬಂದಿದ್ದ. ನಲವತ್ತೇಳು ಸೆಕೆಂಡು ಮಿನುಗಿ ದೀಪ ಆರಿತು.

ಆ ಹೊತ್ತಿನ ಕರೆಗಳ ಪಟ್ಟಿ ಅವಳ ಹಿಂದಿನ ಕಪಾಟಿನಲ್ಲೇ ಇತ್ತು. ಮೀಸೆ ಎತ್ತದ ಆ ಕರೆಯ ನಂಬರಿನಿಂದಲೇ ಆರು ನಿಮಿಷ ಬಿಟ್ಟು ಮತ್ತೊಂದು ಕರೆ. ಕರೆ ಮಾಡಿದವಳ ಗಂಡನಿಗೆ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತ್ತು. ಆಂಬುಲೆನ್ಸ್ ಹೋಗುವಷ್ಟರಲ್ಲಿ ಜೀವ ಹೋಗಿತ್ತು.

ಎರಡು ದಿನದ ಮೇಲೆ ಮೀಸೆ ರೆಕಾರ್ಡ್ ರೂಮಿಗೆ ಓಡಿಬಂದ. ಅವಳಿಗೆ ಆ ದೀಪ ಕಂಡ ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿತ್ತು.

"ಅಕ್ಕಾ, ತಮಾಷೆಗೆ ಮಾಡಿದ್ದು ಕಣಕ್ಕಾ. ನನ್ನ ಮಕ್ಕಳ ಮುಖ ನೋಡಿ ಬಿಟ್ಬಿಡು. ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ."

"ಬೀಳು."

ಅವನು ನಿಜವಾಗಿಯೂ ಬಿದ್ದ. ಅವಳು ಕಾಲು ಹಿಂದೆ ತೆಗೆಯಲಿಲ್ಲ. ಅವನು ತಾನಾಗಿ ಎದ್ದು ಮೂಗು ಒರೆಸಿಕೊಳ್ಳುವವರೆಗೂ ಕಾದು ಹೇಳಿದಳು: "ದೂರು ನಿನ್ನೆನೇ ಕೊಟ್ಟಾಯ್ತು."

ವಿಚಾರಣೆಯ ದಿನ ತುತ್ತು ಸಿಕ್ಕಿ ಸತ್ತವನ ಹೆಂಡತಿಯೂ ಬಂದಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದವಳಿಗೆ ಫ್ಯಾನಕ್ಕ ನೀರು ತಂದುಕೊಟ್ಟಳು. ಲೋಟ ಹಿಡಿದು ಆಕೆ ಇವಳನ್ನೇ ದಿಟ್ಟಿಸಿದಳು.

"ನೀವು ಆ ವಿಡಿಯೋದವರಲ್ವಾ? ಹಾಡೋನು ಸತ್ತ ಅಂತ ಅತ್ತಿದ್ದು?"

"ಹೌದು."

"ಯಜಮಾನರನ್ನ ಮಣ್ಣು ಮಾಡಿ ಬಂದು ಕೂತಿದ್ವಿ. ನಾನು ಎರಡು ದಿನದಿಂದ ಬಾಯೇ ಬಿಟ್ಟಿರಲಿಲ್ಲ. ನಾದಿನಿ ತೋರಿಸಿದ್ಲು." ಆಕೆ ತುಸು ನಾಚಿಕೊಂಡಳು. "ತಪ್ಪು ತಿಳ್ಕೋಬೇಡಿ, ಎಲ್ಲರೂ ನಕ್ಬಿಟ್ವಿ. ನಾನೂ ನಕ್ಕೆ. ಹಾಡೋನಿಗೋಸ್ಕರ ಯಾರಾದ್ರೂ ಅಷ್ಟೊಂದು ಅಳ್ತಾರಾ?"

ಫ್ಯಾನಕ್ಕ ಸುಮ್ಮನಿರಬಹುದಿತ್ತು. ಒಳಗೆ ಹೋದರೆ ಅಧಿಕಾರಿಗಳೇ ಹೇಳುತ್ತಿದ್ದರು.

"ಮೂಲೆಯಲ್ಲಿ ಒಂದು ಕೆಂಪು ದೀಪ ಮಿನುಗ್ತಾ ಇತ್ತಲ್ಲ," ಎಂದಳು, "ಅದು ನಿಮ್ಮ ಕರೆ."

ಆಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಲೋಟ ಬೆಂಚಿನ ಮೇಲಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಒಳಗಿಂದ ಗುಮಾಸ್ತ ಬಂದು ಇಬ್ಬರನ್ನೂ ಕರೆದ.